ರಾಬ್ ಸಾಹೇಬನ ಇಂಗ್ಲಿಷ್

ಶುಕ್ರವಾರ ಸಂಜೆ ನಾಲ್ಕೂ ಇಪ್ಪತ್ತಕ್ಕೆ ನಮ್ಮ ಅಡುಗೆಮನೆಯ ಕಟ್ಟೆಯ ಮೇಲಿದ್ದ ವಾಕಿಟಾಕಿ ಕೆಮ್ಮಿತು. ಮಾತು ಹೊರಡುವ ಮೊದಲು ಅದು ಯಾವಾಗಲೂ ಹಾಗೆ ಕೆಮ್ಮುತ್ತಿತ್ತು. ನಾನು ಗಡಿಯಾರ ನೋಡಿದ್ದು ಹೆದರಿಕೆಯಿಂದಲ್ಲ, ಹಸಿವಿನಿಂದ. ಒಳಗಿನ ಕೋಣೆಯಲ್ಲಿ ಭಜನೆ ನಡೆದಿತ್ತು. ಮಂಗಳಾರತಿ ಆಗುವ ತನಕ ಪಂಚಕಜ್ಜಾಯದ ಬಟ್ಟಲನ್ನು ಮುಟ್ಟುವಂತಿರಲಿಲ್ಲ. ಕೆಮ್ಮಿನ ಹಿಂದೆಯೇ ರಾಬ್ ಸಾಹೇಬನ ದನಿ ಬಂತು. ಶೇಕೀ, ಶೇಕೀ, ಎಲ್ಲಿ ಹಾಳಾಗಿ ಹೋದೆ, ಅವರನ್ನು ಮೇಲೆ ಹತ್ತಿಸು, ಎಲ್ಲರನ್ನೂ, ಈಗಲೇ. ಅವನ ಇಂಗ್ಲಿಷ್ ನನಗೆ ಅರ್ಥವಾಗುತ್ತಿತ್ತು. ಎಂಟು ವರ್ಷದ ನನಗೆ ಬರುತ್ತಿದ್ದದ್ದೇ ಆ ಇಂಗ್ಲಿಷ್. ಅದು ಹೇಗೆ ಎಂದು ಹೇಳಬೇಕಾದರೆ ಆ ಮನೆಯ ಕಥೆ ಹೇಳಬೇಕು.

ಮನೆಯೆಂದರೆ ಕತಾರಿನ ಎಣ್ಣೆಬಾವಿಗಳ ಊರು ದುಖಾನಿನ ಆಚೆ, ಒಂದು ಗುತ್ತಿಗೆ ಕಂಪನಿ ಮರಳಿನ ಮೇಲೆ ಸಾಲಾಗಿ ಇಟ್ಟಿದ್ದ ಕ್ಯಾಬಿನ್‌ಗಳಲ್ಲಿ ಒಂದು. ಎರಡು ಕೋಣೆ, ಒಂದು ಅಡುಗೆಮನೆ. ನಡೆದರೆ ನೆಲ ಡಬಡಬ ಎನ್ನುತ್ತಿತ್ತು. ಕಿಟಕಿಯಲ್ಲಿ ಕೂತ ಎ.ಸಿ. ಹಗಲಿಡೀ ನರಳುತ್ತಿತ್ತು. ಅಮ್ಮ ಮಾತ್ರ ಅದರೊಳಗೂ ಉಡುಪಿಯ ಕಡೆಯ ಮನೆಯನ್ನು ಕಟ್ಟಿಕೊಂಡಿದ್ದಳು. ಸಾಬೂನಿನ ಡಬ್ಬದಲ್ಲಿ ತುಳಸಿ, ಬಾಗಿಲಿಗೆ ಪ್ಲಾಸ್ಟಿಕ್ ಮಾವಿನೆಲೆಯ ತೋರಣ, ಶುಕ್ರವಾರ ಮಧ್ಯಾಹ್ನ ನೀರುದೋಸೆ. ನಾವು ಮನೆಯಲ್ಲಿ ಆಡುತ್ತಿದ್ದದ್ದು ತುಳು. ಅಪ್ಪನ ಹೆಸರು ಶೇಖರ, ಸಾಹೇಬನ ಬಾಯಲ್ಲಿ ಶೇಕೀ. ಕೆಲಸ ಟೈಮ್‌ಕೀಪರ್, ಯಾರು ಎಷ್ಟು ಹೊತ್ತಿಗೆ ಬಂದರು, ಹೋದರು ಎಂದು ಬರೆಯುವುದು. ಅದು ಹೆಸರಿಗೆ ಮಾತ್ರ. ಅವನ ನಿಜವಾದ ಕೆಲಸ ರಾಬ್ ಸಾಹೇಬನ ಬಾಯಿ.

ರಾಬ್ ಅಲ್ಲಿನ ಸೂಪರ್‌ವೈಸರ್. ಸ್ಕಾಟ್ಲೆಂಡಿನ ಯಾವುದೋ ಮೀನುಗಾರರ ಊರಿನವನು. ಕೆಂಪು ಕುತ್ತಿಗೆ, ಬಿಳಿ ಹುಬ್ಬು. ಅವನು ಬಾಯಿ ತೆರೆದರೆ ಮಲಯಾಳಿಗಳು, ಪಾಕಿಸ್ತಾನಿಗಳು, ನಮ್ಮ ಕರಾವಳಿಯವರು ಎಲ್ಲ ಅಪ್ಪನ ಮುಖ ನೋಡುತ್ತಿದ್ದರು. ಬಿ.ಎ. ಓದಿದ ಸ್ಟೋರ್ ಕೀಪರನಿಗೂ ತಿಳಿಯದ ಆ ಮಾತು ಹತ್ತನೆಯ ತರಗತಿ ಓದಿದ ಅಪ್ಪನಿಗೆ ತಿಳಿಯುತ್ತಿತ್ತು. ಹೇಗೆ ಕಲಿತನೋ ಗೊತ್ತಿಲ್ಲ. ಮೊದಲ ವರ್ಷ ಸಾಹೇಬನ ಪಿಕಪ್ ಓಡಿಸಿದ್ದನಂತೆ. ದುಖಾನಿನಿಂದ ದೋಹಾಕ್ಕೆ ಅಷ್ಟು ಉದ್ದದ ದಾರಿ, ಎರಡೂ ಕಡೆ ನೋಡಲು ಏನೂ ಇಲ್ಲ, ಕೇಳದೆ ಇನ್ನೇನು ಮಾಡುವುದು ಎನ್ನುತ್ತಿದ್ದ. ಕಲಿತದ್ದನ್ನು ಸಂಜೆ ಮನೆಗೆ ತಂದು, ಬೇರೆ ಅಪ್ಪಂದಿರು ಚಾಕೊಲೇಟು ತರುವ ಹಾಗೆ, ನಮ್ಮೆದುರು ಇಡುತ್ತಿದ್ದ. ಹೌದು ಎನ್ನಲು ಆಯ್. ಚಿಕ್ಕದಕ್ಕೆ ವೀ. ಮಗುವಿಗೆ ಬೇರ್ನ್. ಅಂಗಡಿಯಿಂದ ತರುವ ಸಾಮಾನಿಗೆ ಮೆಸೇಜಸ್. ಮಧ್ಯಾಹ್ನಕ್ಕೆ ಕಟ್ಟಿಕೊಂಡು ಹೋಗುವ ಬ್ರೆಡ್ಡಿಗೆ ಪೀಸ್. ಹಟಮಾರಿಗೆ ತ್ರಾನ್. ಬಿಳಿಚಿಕೊಂಡು ಸೋತ ಮುಖಕ್ಕೆ ಪೀಲಿವಾಲಿ. ಬಾಯಿ ಮುಚ್ಚು ಎನ್ನಲು ವೀಶ್ಟ್. ಮೋಡ ಮುಚ್ಚಿ, ಹನಿ ಜಿಟಿಜಿಟಿ ಬಿದ್ದು, ಮನಸ್ಸಿಗೆ ಮಂಕು ಹಿಡಿಸುವ ದಿನಕ್ಕೆ ಡ್ರೀಖ್. ಕತಾರಿನಲ್ಲಿ ಅಂಥ ದಿನ ಎಲ್ಲಿಂದ ಬರಬೇಕು? ಚಳಿಗಾಲದಲ್ಲಿ ಒಮ್ಮೆ ಮೋಡ ಕವಿದರೆ ಅಪ್ಪ ಹೊಸಿಲ ಮೇಲೆ ನಿಂತು ಆ ಶಬ್ದವನ್ನು ಗಂಟಲ ಕೆಳಗಿನಿಂದ ಎಳೆದು ಹೇಳುತ್ತಿದ್ದ.

"ಇದಕ್ಕೆ ಅಷ್ಟು ಕಷ್ಟಪಟ್ಟು ಕಫ ತೆಗಿಬೇಕಾ? ನಮ್ಮಲ್ಲಿ ಆಟಿ ತಿಂಗಳ ಮಳೆ ಹೇಳಿದ್ರೆ ಮುಗೀತು," ಅಮ್ಮ ನಗುತ್ತಿದ್ದಳು.

ಧೂಳಿಗೆ ಸಾಹೇಬನ ಮಾತಿನಲ್ಲಿ ಸ್ಟೂರ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅತಿ ಹೆಚ್ಚು ಬಳಕೆಯಾದ ಶಬ್ದ ಅದು. ಗಾಳಿ ಎದ್ದ ದಿನ ಅಕ್ಕಿ ಡಬ್ಬದೊಳಗೆ, ಹಾಸಿಗೆಯೊಳಗೆ, ಹಲ್ಲಿನ ನಡುವೆ ಎಲ್ಲೆಲ್ಲೂ ಸ್ಟೂರ್. ಬೆಳಗಾಗುವ ಮುಂಚೆ ಬಸ್ಸು ಹತ್ತಿ ದೋಹಾದ ಶಾಲೆಗೆ ಹೋಗುತ್ತಿದ್ದ ನಾನು ಪ್ರಬಂಧದಲ್ಲಿ ಅದನ್ನೇ ಬರೆದೆ. ಟೀಚರ್ ಕೆಂಪು ಶಾಯಿಯಲ್ಲಿ ಅಡ್ಡಗೀಟು ಎಳೆದು, ಇಡೀ ತರಗತಿಯ ಮುಂದೆ, ಇಂಥ ಶಬ್ದವೇ ಇಲ್ಲ, ಎಲ್ಲಿಂದ ಹೆಕ್ಕಿ ತಂದೆ ಎಂದರು. ಅಪ್ಪನಿಗೆ ಸಿಟ್ಟು ನೆತ್ತಿಗೇರಿತು.

"ಆ ಟೀಚರ್ ಇಂಗ್ಲಿಷ್ ಕಲ್ತದ್ದು ಕೊಲ್ಲಂನಲ್ಲಿ. ನಮ್ಮ ಸಾಹೇಬ ಅದರಲ್ಲೇ ಹುಟ್ಟಿದವ. ಯಾರದ್ದು ಸರಿ, ನೀನೇ ಹೇಳು!"

ಅದು ಇಂಗ್ಲಿಷಿನ ಪಕ್ಕದ ಮನೆಯ ಮಾತು, ಅದಕ್ಕೆ ಸ್ಕಾಟ್ಸ್ ಎಂದು ಹೆಸರು, ಇಂಗ್ಲಿಷರಿಗೇ ಅದಕ್ಕೆ ಅರ್ಥ ಬರೆದ ನಿಘಂಟು ಬೇಕು ಎಂದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ, ಮಂಗಳೂರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡುವಾಗ. ಕಾಲೇಜಿನ ಲೈಬ್ರರಿಯಲ್ಲಿ ಆ ನಿಘಂಟು ತೆರೆದು ಕೂತಿದ್ದೆ. ಅಪ್ಪ ಹೇಳಿದ ಒಂದು ಅರ್ಥವೂ ತಪ್ಪಿರಲಿಲ್ಲ.

ಅಮ್ಮನ ತಮ್ಮ ದಿನೇಶ ಮಾಮನೂ ಅದೇ ಕಂಪನಿಯಲ್ಲಿದ್ದ. ಪೈಪ್ ಹೂಳುವ ಹೊಂಡ ತೋಡುವ ಗ್ಯಾಂಗಿನ ಮುಂದಾಳು. ಅವನಿಗೆ ವೀಸಾ ತರಿಸಿದ್ದು ಅಪ್ಪ, ತರಿಸಲು ಹಟ ಹಿಡಿದವಳು ಅಮ್ಮ. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ. ಊಟಕ್ಕೆ ನಮ್ಮ ಮನೆಗೇ ಬರುತ್ತಿದ್ದ, ಬಂದವನೇ ನನ್ನ ಜುಟ್ಟು ಎಳೆದು "ಏನು ಬೇರ್ನ್, ಪೀಲಿವಾಲಿ ಆಗಿದ್ದೀಯಲ್ಲ, ಶಾಲೆಯಲ್ಲಿ ಪೆಟ್ಟು ಬಿತ್ತಾ?" ಎನ್ನುತ್ತಿದ್ದ. ಕೆಲವು ಶುಕ್ರವಾರ ರಾಬ್ ಸಾಹೇಬನೂ ಬರುತ್ತಿದ್ದ. ನೆಲದ ಮೇಲೆ ಕಾಲು ಚಾಚಿ ಕೂತು ನೀರುದೋಸೆಯನ್ನು ಕೋಳಿಸಾರಿಗೆ ಅದ್ದಿ ತಿನ್ನುತ್ತಾ, ತೋಳಿನಲ್ಲಿ ಬೆವರು ಒರೆಸುತ್ತಾ, ನಗುತ್ತಿದ್ದ. ಒಂದು ಸಲ ಅಂಗೈ ತೋರಿಸಿ ಹೇಳಿದ. ಶಾಲೆಯಲ್ಲಿ ಈ ಮಾತು ಆಡಿದ್ದಕ್ಕೆ ಮೇಷ್ಟ್ರು ಚರ್ಮದ ಪಟ್ಟಿಯಿಂದ ಬಾರಿಸುತ್ತಿದ್ದರಂತೆ. ತರಗತಿಯಲ್ಲಿ ಒಂದು ಮಾತು, ಅಂಗಳದಲ್ಲಿ ಒಂದು ಮಾತು. "ಪಾಪ," ಎಂದು ಅಮ್ಮ ಅವನ ತಟ್ಟೆಗೆ ಇನ್ನೊಂದು ದೋಸೆ ಹಾಕಿದಳು. ಆ ಪಾಪ ಎಂಬ ಮಾತನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಕೆಲಸದ ಜಾಗದಲ್ಲಿ ಅವನು ದಿನವಿಡೀ ಕೂಗುತ್ತಿದ್ದ. ಸಲಿಕೆ ಓರೆಯಾಗಿದ್ದರೂ ಕೂಗು, ಚಹಾ ತಡವಾದರೂ ಕೂಗು, ಎಲ್ಲಕ್ಕೂ ಒಂದೇ ಸ್ವರ. ಒಮ್ಮೆ ಅವನು ಯಾವುದಕ್ಕೋ ಬೈದದ್ದನ್ನು ಕೆಲಸ ನಿಲ್ಲಿಸಿ ಎಂದುಕೊಂಡು ಗ್ಯಾಂಗು ಮೇಲೆ ಬಂದು ಕೂತು, ದೊಡ್ಡ ರಂಪವಾಯಿತು. ಆಮೇಲೆ ಅಪ್ಪ ಒಂದು ಕಟ್ಟಳೆ ಮಾಡಿದ. ಸಾಹೇಬನ ಕೂಗಿಗೆ ಯಾರೂ ಅಲ್ಲಾಡಬೇಡಿ, ಅದರಲ್ಲಿ ಅರ್ಧಕ್ಕರ್ಧ ಬೈಗುಳ, ನಾನು ಹೇಳಿದ ಮೇಲೆ ಅಲ್ಲಾಡಿ. ಎಲ್ಲರಿಗೂ ಅನುಕೂಲವಾಯಿತು. ಸಾಹೇಬನಿಗೂ. ಅವನು ಹೇಳಬೇಕಾದದ್ದನ್ನು ಬಿಡಿಸಿ ಹೇಳುವ ಕಷ್ಟ ತಪ್ಪಿತು. ಶುಕ್ರವಾರ ಅಪ್ಪನಿಗೆ ರಜೆ. ಗ್ಯಾಂಗಿಗೆ ಓವರ್‌ಟೈಮ್ ಇದ್ದರೆ ಅಪ್ಪ ವಾಕಿಟಾಕಿಯನ್ನು ಮನೆಗೆ ತಂದುಕೊಳ್ಳುತ್ತಿದ್ದ. ಊಟದ ನಡುವೆ, ಸ್ನಾನದ ನಡುವೆ ಅದು ಕೆಮ್ಮುತ್ತಿತ್ತು. ಒಮ್ಮೆ ಮಂಗಳಾರತಿಯ ನಡುವೆ ಕೆಮ್ಮಿ, ಸಾಹೇಬನಿಗೆ ಸಿಗರೇಟು ಬೇಕಾಗಿದೆ ಎಂದು ಹೇಳಿತು. ಭಜನೆಗೆ ಬಂದಿದ್ದವರೆಲ್ಲ ತಲೆ ತಗ್ಗಿಸಿ ನಕ್ಕರು. ಅಂದು ಅಮ್ಮ ಅಪ್ಪನ ಜೊತೆ ಜಗಳಕ್ಕೆ ನಿಂತಳು.

"ದೇವರ ಮುಂದೆ ಒಂದು ಐದು ನಿಮಿಷ ಆ ಬಿಳಿಯನ ಮೆಸೇಜಸ್ ಇಲ್ಲದೆ ಇರ್ಲಿಕ್ಕೆ ಆಗುದಿಲ್ವಾ ನಿಮಗೆ? ಇನ್ನು ಮೇಲೆ ಆರತಿ ಆಗುವಾಗ ಆ ಶನಿ ಒಳಗೆ ಬರಬಾರದು. ಖಲಾಸ್."

ಹಾಗಾಗಿ ಆ ಶುಕ್ರವಾರ ವಾಕಿಟಾಕಿ ಅಡುಗೆಮನೆಯಲ್ಲಿತ್ತು, ಅದಕ್ಕೆ ಕಾವಲಾಗಿ ನಾನಿದ್ದೆ. ಒಳಗಿನ ಕೋಣೆಯಲ್ಲಿ ಐದಾರು ಕುಟುಂಬಗಳು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದವು. ತಾಳದ ಸದ್ದು ಹೊರಗೆ ಹೋಗದಂತೆ ಕಿಟಕಿಗೆ ಕಂಬಳಿ ಕಟ್ಟಿ, ಬಾಗಿಲ ಸಂದಿಗೆ ಟವೆಲು ಒತ್ತಿ ಇಟ್ಟಿದ್ದರು. ಪರದೇಶದಲ್ಲಿ ನಮ್ಮ ಭಜನೆ ನಡೆಯುತ್ತಿದ್ದದ್ದು ಹಾಗೆಯೇ. ರಾಬ್ ಕೂಗಿದ. ಅವನು ಮಣ್ಣಿನ ದಿಬ್ಬದ ಆಚೆ, ವಾಲ್ವ್ ಇರುವ ಕಡೆ ಇದ್ದ. ಗ್ಯಾಂಗು ಈಚೆ, ಹೊಂಡದೊಳಗೆ. ಹಳೆಯ ಪೈಪಿನಿಂದ ವಿಷದ ಗಾಳಿ ಸೋರಲು ಶುರುವಾಗಿತ್ತು ಎಂಬುದೆಲ್ಲ ಆಮೇಲೆ ತಿಳಿದದ್ದು. ಆಗ ನನಗೆ ಕೇಳಿದ್ದು ಮೂರು ಸಲ ಅವನ ಕೂಗು, ಆಮೇಲೆ ಮಾಮನ ದನಿ.

"ಭಾವಾ, ಇವ ಎಂಥ ಬೊಬ್ಬೆ ಹಾಕುದು ಇವತ್ತು? ಹೇಳಿ ಭಾವ. ಭಾವ ಇದ್ದೀರಾ?"

ಬಟನ್ ಮುಟ್ಟಬಾರದೆಂದು ಅಪ್ಪ ಹೇಳಿದ್ದರೂ ಒತ್ತಿದೆ. ಮಾಮ ಮೇಲೆ ಬಾ, ಎಲ್ಲರೂ ಮೇಲೆ ಬನ್ನಿ, ಸಾಹೇಬ ಹೇಳ್ತಿದ್ದಾನೆ ಎಂದು ಕಿರುಚಿದೆ. ಅತ್ತ ಕಡೆಯಿಂದ ನಗು ಬಂತು.

"ಯಾರದು, ಬೇರ್ನಾ? ಆ ಸೆಟ್ಟು ಕೆಳಗಿಡು ಮಗಾ, ಸಾಯ್ಬ ಕೇಳಿದ್ರೆ ಬೈತಾನೆ. ಎಂಥದೋ ಕೊಳೆತ ವಾಸನೆ ಬರ್ತಾ ಉಂಟು ಮಾರಾಯ್ತಿ ಇಲ್ಲಿ. ಹೋಗು, ಅಪ್ಪನನ್ನು ಕರಿ."

ನಾನು ಓಡಿದೆ. ಬಾಗಿಲ ಟವೆಲು ಕಾಲಿಗೆ ಸಿಕ್ಕಿ ಮುಗ್ಗರಿಸಿದೆ. ಒಳಗೆ ಆರತಿ ಎತ್ತಿದ್ದರು. ಅಪ್ಪ ತಟ್ಟೆ ಹಿಡಿದು ದೇವರ ಪಟಗಳ ಕಡೆ ತಿರುಗಿ ನಿಂತಿದ್ದ. ಗಂಟೆ, ತಾಳ, ಎಲ್ಲರ ದನಿ ಆ ತಗಡಿನ ಪೆಟ್ಟಿಗೆಯೊಳಗೆ ತುಂಬಿ ನನ್ನ ಕೂಗು ನನಗೇ ಕೇಳಲಿಲ್ಲ. ಬಾಗಿಲ ಬಳಿ ಇದ್ದ ಅಮ್ಮ ನನ್ನ ತೋಳು ಹಿಡಿದಳು. ನಾನು ಸಾಹೇಬ ಎಂದೆ. ಅವಳಿಗೆ ಕೇಳಿದ್ದು ಅದೊಂದೇ ಇರಬೇಕು, ಅಷ್ಟೇ ಸಾಕಾಯಿತು. ನನ್ನ ಬಾಯಿಯ ಮೇಲೆ ಅಂಗೈ ಇಟ್ಟು, ಕಣ್ಣು ಕೆಕ್ಕರಿಸಿ ಹೇಳಿದಳು.

"ವೀಶ್ಟ್!"

ಆರತಿ ಮುಗಿಯುವ ತನಕ ಆ ಕೈ ತೆಗೆಯಲಿಲ್ಲ. ಎಷ್ಟು ಹೊತ್ತು? ಒಂದು ಆರತಿಯಷ್ಟು ಹೊತ್ತು. ಅದಕ್ಕಿಂತ ಹೆಚ್ಚು ಅಳೆಯಲು ನಾನು ಹೋಗಿಲ್ಲ. ಅವಳ ಅಂಗೈಗೆ ಕರ್ಪೂರದ, ಬೆಲ್ಲದ ವಾಸನೆ ಇತ್ತು. ಈಗ ಎಲ್ಲಿ ಮಂಗಳಾರತಿಯಾದರೂ ನಾನು ಎದ್ದು ಹೊರಗೆ ಹೋಗುತ್ತೇನೆ. ಜನ ನನ್ನನ್ನು ನಾಸ್ತಿಕಳು ಅಂದುಕೊಂಡಿದ್ದಾರೆ, ಅಂದುಕೊಳ್ಳಲಿ.

ಬಾಯಿ ಬಿಡಿಸಿಕೊಂಡು ನಾನು ಹೇಳಿದ್ದೇ ತಡ ಅಪ್ಪ ತಟ್ಟೆಯನ್ನು ಯಾರದೋ ಕೈಗೆ ತುರುಕಿ ವಾಕಿಟಾಕಿಯ ಕಡೆ ಓಡಿದ. ತುಳುವಿನಲ್ಲಿ, ಮಲಯಾಳದಲ್ಲಿ, ಹಿಂದಿಯಲ್ಲಿ, ಮೇಲೆ ಬನ್ನಿ, ಎಲ್ಲ ಬಿಟ್ಟು ಬನ್ನಿ ಎಂದು ಕೂಗಿದ. ಗ್ಯಾಂಗಿನವರು ಹತ್ತಿದರು. ಅವನ ದನಿ ಕೇಳಿದ ಕೂಡಲೇ ಹತ್ತಿದರು. ದಿನೇಶ ಮಾಮ ಉತ್ತರಿಸಲಿಲ್ಲ. ಅವನು ಹೊಂಡದ ಕೊನೆಯಲ್ಲಿ, ಪೈಪಿಗೆ ಹತ್ತಿರ ಇದ್ದ. ಅವನನ್ನು ಮುಖವಾಡ ಹಾಕಿಕೊಂಡು ಇಳಿದು ಹೊತ್ತು ತಂದವನು ರಾಬ್. ಅದನ್ನು ನಾನು ಮರೆತಿಲ್ಲ, ಮರೆಮಾಚುವುದೂ ಇಲ್ಲ. ದೋಹಾದ ಆಸ್ಪತ್ರೆಯ ಹೊರಗೆ ಮರಳು ಮೆತ್ತಿದ ಬೂಟಿನಲ್ಲೇ ನೆಲದ ಮೇಲೆ ಕೂತು ಅವನು ಬಿಕ್ಕಿ ಬಿಕ್ಕಿ ಅತ್ತ. ಅಪ್ಪ ಅವನ ಬೆನ್ನು ಸವರಿದ. ಇದನ್ನು ಕಂಡ ಅಮ್ಮ ಮುಖ ತಿರುಗಿಸಿ ನಿಂತಳು.

ಮಾಮ ಬದುಕಿದ. ಕಣ್ಣಿನ ಉರಿ ಹೋಗಲಿಲ್ಲ, ಕೈಯ ನಡುಕ ಹೋಗಲಿಲ್ಲ. ಅವನು ಇನ್ನೂ ಆಸ್ಪತ್ರೆಯಲ್ಲಿರುವಾಗಲೇ ಕಂಪನಿಯವರು ವಿಚಾರಣೆ ಇಟ್ಟರು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದ. ಸಾಹೇಬ ಇದ್ದಾನಲ್ಲ, ಅವನು ಹೇಳ್ತಾನೆ ಎಂಬ ಧೈರ್ಯ ಅವನಿಗೆ. ಸಂಜೆ ಬಂದವನು ಚಪ್ಪಲಿ ಬಿಚ್ಚದೆ ಅಡುಗೆಮನೆಯ ನೆಲದ ಮೇಲೆ ಕೂತ. ಅಮ್ಮ ನೀರು ಕೊಟ್ಟಳು.

"ಎಂಥ ಹೇಳಿದ ಅವ?"

"ನಾನು ಆರ್ಡರ್ ಕೊಟ್ಟೆ, ಇಂಗ್ಲಿಷಿನಲ್ಲೇ ಕೊಟ್ಟೆ ಹೇಳಿದ. ಶೇಖರ ನಡುವೆ ನಿಂತು, ತನ್ನನ್ನು ಕೇಳದೆ ಅಲ್ಲಾಡಬೇಡಿ ಹೇಳಿ ಜನರನ್ನು ಕಟ್ಟಿ ಹಾಕಿದ್ದ, ಅದು ನನಗೆ ಗೊತ್ತೇ ಇರ್ಲಿಲ್ಲ ಹೇಳಿದ."

"ಗೊತ್ತಿರ್ಲಿಲ್ವಾ? ನಮ್ಮ ನೆಲದಲ್ಲಿ ಕೂತು ತಿಂದ ಬಾಯಿ!"

"ಅದಲ್ಲ ಮಾರಾಯ್ತಿ." ಅಪ್ಪ ನೀರಿನ ಲೋಟವನ್ನು ಕೈಯಲ್ಲಿ ತಿರುಗಿಸುತ್ತಿದ್ದ. "ಅವ ಮಾತಾಡಿದ ಅಲ್ವಾ, ಅದರಲ್ಲಿ ಆಯ್ ಇಲ್ಲ, ವೀ ಇಲ್ಲ, ಎಂಥದೂ ಇಲ್ಲ. ರೇಡಿಯೋದಲ್ಲಿ ನ್ಯೂಸ್ ಓದಿದ ಹಾಗೆ. ಚಾ ತಂದ ಹುಡುಗನಿಗೂ ಅರ್ಥ ಆಗ್ತಿತ್ತು. ಅವನ ಹತ್ರ ಅದು ಇತ್ತು, ಗೊತ್ತುಂಟಾ? ನಮಗೆಲ್ಲ ಅರ್ಥ ಆಗುವ ಇಂಗ್ಲಿಷ್ ಅವನ ಹತ್ರ ಮೊದಲಿಂದಲೂ ಇತ್ತು."

ನಾನು ಇಂಗ್ಲಿಷ್ ಪಾಠ ಮಾಡಿ ಹೊಟ್ಟೆ ಹೊರೆದವಳು. ಭಾಷೆಯ ಬಗ್ಗೆ ಎಷ್ಟೋ ವಿದ್ವಾಂಸರ ಮಾತು ಕೇಳಿದ್ದೇನೆ, ಅಪ್ಪನ ಆ ಮಾತಿನಷ್ಟು ಯಾವುದೂ ನಾಟಿಲ್ಲ. ಚರ್ಮದ ಪಟ್ಟಿಯ ಏಟು ತಿಂದು ಕಲಿತ ಇಂಗ್ಲಿಷನ್ನು ರಾಬ್ ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡಿದ್ದ, ದೊಡ್ಡವರ ಮುಂದೆ ಮಾತ್ರ ತೆಗೆಯಲು. ನಮ್ಮ ಮುಂದೆ ಅವನು ತನ್ನ ಅಂಗಳದ ಮಾತು ಆಡಿದ್ದು ನಾವು ಅವನಿಗೆ ಮನೆಯವರಂತೆ ಕಂಡದ್ದಕ್ಕೋ, ಅರ್ಥವಾದರೆಷ್ಟು ಬಿಟ್ಟರೆಷ್ಟು ಎಂಬ ಆಳುಗಳಂತೆ ಕಂಡದ್ದಕ್ಕೋ ನನಗೆ ತಿಳಿಯದು. ಒಂದು ಕಾಲದಲ್ಲಿ ತಿಳಿಯಬೇಕೆಂದು ತುಂಬಾ ಬಯಸಿದ್ದೆ. ಈಗ ಎರಡೂ ಒಂದೇ. ವಿಚಾರಣೆಯಲ್ಲಿ ಅವನು ಹೇಳಿದ್ದರಲ್ಲಿ ಬಹುಪಾಲು ಸುಳ್ಳೂ ಅಲ್ಲ.

ಅಪ್ಪನ ಕೆಲಸ ಹೋಯಿತು, ಕ್ಯಾಬಿನ್ ಹೋಯಿತು. ಪರಿಚಯದವರ ದಯೆಯಿಂದ ದೋಹಾ ಅಲ್ ಜದೀದಾ ಎಂಬ ಕೇರಿಯಲ್ಲಿ, ನಮ್ಮ ಕರಾವಳಿಯ ಬ್ಯಾರಿಯೊಬ್ಬರ ಬಟ್ಟೆಯಂಗಡಿಯಲ್ಲಿ ಕೆಲಸ, ಅಂಗಡಿಯ ಮೇಲೆ ಒಂದೇ ಕೋಣೆ. ಆಸ್ಪತ್ರೆಯಿಂದ ಮಾಮನೂ ಅಲ್ಲಿಗೇ ಬಂದ. ನಾಲ್ಕು ಜನ ಸಾಲಾಗಿ ನೆಲದ ಮೇಲೆ. ಮಾಮನಿಗೆ ನಿದ್ದೆಯಲ್ಲಿ ಉಸಿರು ಒಮ್ಮೊಮ್ಮೆ ನಿಂತಂತಾಗಿ, ಆಮೇಲೆ ದೊಡ್ಡ ಏದುಸಿರಿನೊಂದಿಗೆ ಮರಳುತ್ತಿತ್ತು. ಆ ನಡುವಿನ ಮೌನಕ್ಕೆ ನಾವು ಮೂವರೂ ಎಚ್ಚರವಾಗಿರುತ್ತಿದ್ದೆವು. ಯಾರೂ ಯಾರಿಗೂ ಎಚ್ಚರವಿದ್ದೇನೆಂದು ಹೇಳುತ್ತಿರಲಿಲ್ಲ. ಹಗಲಿನಲ್ಲಿ ಕಣ್ಣು ಕೆಂಪಗೆ, ಮಾತು ಮೊನಚು. ಅಪ್ಪ ಮನೆಯಲ್ಲಿ ಸಾಹೇಬನ ಆ ಶಬ್ದಗಳನ್ನು ಆಡಕೂಡದೆಂದ. ಆಡದಿದ್ದರೂ ಅವು ಇದ್ದವು. ಮಾಮನ ಮುಖ ನೋಡಿದರೆ ಪೀಲಿವಾಲಿ ಎಂಬುದು ನನ್ನ ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು, ಅದಕ್ಕೆ ನಮ್ಮ ಯಾವ ಭಾಷೆಯಲ್ಲೂ ಅಷ್ಟು ಸರಿಯಾದ ಶಬ್ದ ನನಗೆ ಸಿಗಲಿಲ್ಲ. ಅಮ್ಮ ಮಾಮನಿಗೆ ಗಂಜಿ, ಕಷಾಯ, ಎಣ್ಣೆ ಎಂದು ಬೆನ್ನು ಬಿಡದೆ ಸೇವೆ ಮಾಡಿದಳು. ಅವನ ಕಣ್ಣಿಗೆ ಕಣ್ಣು ಮಾತ್ರ ಕೊಡುತ್ತಿರಲಿಲ್ಲ. ನನ್ನ ಬಾಯಿ ಮುಚ್ಚಿದ ಆ ಕೈಯ ವಿಷಯ ತಿಳಿದವರು ನಾನೂ ಅವಳೂ ಇಬ್ಬರೇ. ಆರತಿಯ ಕಡೆ ಮುಖ ಮಾಡಿದ್ದ ಅಪ್ಪ ನೋಡಿರಲಿಲ್ಲ. ನಾನು ಹೇಳಲಿಲ್ಲ. ಅಪ್ಪನಿಗೋ ಮಾಮನಿಗೋ ತಿಳಿದರೆ ಏನಾದೀತೆಂಬ ಹೆದರಿಕೆ ನಮ್ಮಿಬ್ಬರ ನಡುವೆ ಇನ್ನೊಬ್ಬರು ಮಲಗಿದಂತೆ ಮಲಗಿರುತ್ತಿತ್ತು.

ಒಂದು ಬೆಳಿಗ್ಗೆ, ಅಪ್ಪ ಅಂಗಡಿಗೆ ಇಳಿದ ಮೇಲೆ, ಮಾಮ ನನ್ನನ್ನೇ ಕೇಳಿದ. ಅಮ್ಮ ಮೂಲೆಯ ಸ್ಟೌವಿನ ಮುಂದೆ ಬಂಗುಡೆ ಹುರಿಯುತ್ತಿದ್ದಳು.

"ನೀನು ಸೆಟ್ಟಿನಲ್ಲಿ ಕರೆದದ್ದು ನನಗೆ ನೆನಪುಂಟು ಮಗಾ. ಅಪ್ಪನನ್ನು ಕರಿ ಹೇಳಿದೆ ಅಲ್ವಾ ನಾನು? ಆಮೇಲೆ ತಲೆ ತಿರುಗಿ ಬೀಳುವ ತನಕ ಕಾದೆ. ಭಾವ ಮನೆಯಲ್ಲೇ ಇದ್ರು. ಯಾಕೆ ಬರ್ಲಿಲ್ಲ?"

ನಾನು ಪುಸ್ತಕದ ಹಾಳೆ ತಿರುಗಿಸಿದೆ. ಎಣ್ಣೆ ಚಟಚಟ ಎನ್ನುತ್ತಿತ್ತು.

"ಅವಳನ್ನು ಕೇಳ್ಬೇಡ ದಿನ್ನು," ಅಮ್ಮ ತಿರುಗದೆಯೇ ಹೇಳಿದಳು. "ಅವಳು ಬಂದಿದ್ಳು. ನಾನು ಬಾಯಿ ಮುಚ್ಚಿ ಹಿಡಿದೆ. ಆರತಿ ಆಗ್ತಾ ಇತ್ತು."

"ನೀನಾ?"

"ಸಾಹೇಬ ಸಿಗರೇಟಿಗೆ ಕರಿತಾನೆ ಅಂದ್ಕೊಂಡೆ. ನೀನು ಕೆಳಗೆ ಇದ್ದಿ ಅಂತ ಗೊತ್ತಿತ್ತು. ಆದ್ರೂ ನಿನಗೆ ಏನಾದ್ರೂ ಆಗಿರ್ಬಹುದು ಅಂತ ತಲೆಗೆ ಹೋಗ್ಲಿಲ್ಲ."

ಮಾಮ ಸ್ಟೌವಿನ ಕಡೆ ತಿರುಗಿದ. ಬೈಯುತ್ತಾನೆ, ಅಥವಾ ಹೋಗಲಿ ಬಿಡು ಎನ್ನುತ್ತಾನೆ ಎಂದು ಕಾದೆವು. ಎರಡರಲ್ಲಿ ಯಾವುದಾದರೂ ಆಗಿದ್ದರೆ ಸಾಕಿತ್ತು.

"ಮೀನು ಸೀದು ಹೋಗ್ತಾ ಉಂಟು," ಎಂದ.

ಹುರಿದ ಬಂಗುಡೆಯನ್ನು ಅವನು ಮುಟ್ಟಲಿಲ್ಲ. ಆ ವಾರ ಅಮ್ಮ ಬೇಯಿಸಿದ್ದನ್ನು ಅಪ್ಪ ಕೊಟ್ಟರೆ ತಿಂದ, ಅಮ್ಮ ಕೊಟ್ಟರೆ ಇಲ್ಲ. ವಾರದ ಕೊನೆಗೆ ಮುಂಬಯಿಯಲ್ಲಿ ಗೆಳೆಯನ ಹೋಟೆಲಿದೆ, ಗಲ್ಲಾಪೆಟ್ಟಿಗೆ ಎದುರು ಕೂರುವ ಕೆಲಸ, ಹೋಗ್ತೇನೆ ಎಂದ. ಅಪ್ಪ ತಡೆದ. ಅಮ್ಮ ತಡೆಯಲಿಲ್ಲ. ಹೊರಡುವ ಮಧ್ಯಾಹ್ನ ಅವಳು ಕಷಾಯದ ಪುಡಿಯ ಪೊಟ್ಟಣವನ್ನು ಅವನ ಚೀಲದ ಬದಿಯಲ್ಲಿ ತುರುಕಿದಳು. ಅವನು ಅದನ್ನು ಹೊರಗೆ ತೆಗೆದು, ಮೆಲ್ಲಗೆ, ಒಡೆಯುವ ಸಾಮಾನಿನಂತೆ, ಕಿಟಕಿಯ ಮೇಲಿಟ್ಟ. ನನ್ನ ಜುಟ್ಟು ಎಳೆದ. ಮೆಟ್ಟಿಲಿಳಿದು ಹೋದ. ಅಪ್ಪ ವಿಮಾನ ಹತ್ತಿಸಿ ಬಂದಾಗ ಕತ್ತಲಾಗಿತ್ತು. ಊಟ ಮಾಡಿ ಮೂವರೂ ಮಲಗಿದೆವು.

ಎಚ್ಚರವಾದಾಗ ಬಿಸಿಲು ಗೋಡೆಯ ಅರ್ಧಕ್ಕೆ ಬಂದಿತ್ತು. ನನ್ನ ಶಾಲೆಯ ಬಸ್ಸು ಹೋಗಿಯಾಗಿತ್ತು. ಕೆಳಗೆ ಅಂಗಡಿಯ ಶಟರ್ ಯಾರೋ ಬಡಿಯುತ್ತಿದ್ದರು, ಅಪ್ಪ ಅಂಗಿ ಹುಡುಕುತ್ತಿದ್ದ. ಕಿವಿ ಕೊಟ್ಟು ಕೇಳಬೇಕಾದ ಉಸಿರು ಆ ಕೋಣೆಯಲ್ಲಿ ಯಾವುದೂ ಇರಲಿಲ್ಲ, ಆದ್ದರಿಂದ ನಾವು ಮೂವರೂ ಒಮ್ಮೆಯೂ ಏಳದೆ ನಿದ್ದೆ ಮಾಡಿದ್ದೆವು. ಅಮ್ಮ ಹಾಸಿಗೆಯಲ್ಲೇ ಎದ್ದು ಕೂತಿದ್ದಳು. ಕಣ್ಣಿನ ಸುತ್ತಲಿನ ಕಪ್ಪು ಒಂದೇ ರಾತ್ರಿಯಲ್ಲಿ ತಿಳಿಯಾಗಿ, ಮುಖ ಮೊದಲಿನಂತೆ ಚೆಂದ ಕಾಣುತ್ತಿತ್ತು. ಮಾಮ ಮಲಗುತ್ತಿದ್ದ ಜಾಗದ ಖಾಲಿ ಚಾಪೆಯನ್ನು ನೋಡಿದಳು.

"ನನಗೆ ನಿದ್ದೆ ಬಂತಲ್ಲ," ಎಂದಳು, ಯಾರೋ ತನ್ನ ಮುಖಕ್ಕೆ ಉಗಿದದ್ದನ್ನು ಹೇಳುವವಳಂತೆ. ಆಮೇಲೆ ಎದ್ದು, ಚಾಪೆ ಮಡಿಸದೆ, ಅದನ್ನು ಬಳಸಿಕೊಂಡು ಸ್ಟೌವಿನ ಕಡೆ ಹೋದಳು.